ಎತ್ತರದ ಮೆಟಡೋರ್, ಗಿಡ್ಡ ಶೆಡ್ಡು: ಹಳೇ ಕ್ಯಾಂಪರ್ ಗಾಡಿಯನ್ನು ಮನೆಯೊಳಗೆ ಸೇರಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಗ್ಯಾರೇಜ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ. ಮನೆಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ನಾವು ಶೆಡ್ಡು ಅನ್ನುತ್ತೇವೆ. ನಮ್ಮ ಶೆಡ್ಡನ್ನು ಅಪ್ಪ ಕಟ್ಟಿಸಿದ್ದು ಅಂಬಾಸಿಡರ್ ಕಾರಿಗೆ. ಅದರೊಳಗೆ ನಾನು ಫೈಬರ್ ಟೋಪಿ (ಎತ್ತರಿಸಿದ ಸೂರು) ಹಾಕಿದ ಹಳೇ ಮೆಟಡೋರ್ ನುಗ್ಗಿಸಲು ಹೊರಟಾಗ ಓಣಿಯವರು ಕಟ್ಟೆ ಮೇಲೆ ಕುಳಿತು ನೋಡಿದರು. ಅವರು ನಿರೀಕ್ಷಿಸಿದ್ದೇ ಆಯಿತು, ಮೊದಲ ಸಲ ಗಾಡಿ ಬೀಮಿಗೆ ಬಡಿಯಿತು. ಯಾಕೆ ಬಡಿಯಿತು, ಆಮೇಲೆ ಹೇಗೆ ಒಳಗೆ ಹೋಯಿತು ಅನ್ನುವುದನ್ನು ನನ್ನ ಅಳತೆಗಳ ಸಮೇತ ಇಲ್ಲಿ ಬರೆಯುತ್ತೇನೆ. ನಿಮ್ಮ ಗಾಡಿ ಬೇರೆ, ಶೆಡ್ಡು ಬೇರೆ ಇರಬಹುದು. ಲೆಕ್ಕ ಮಾತ್ರ ಎಲ್ಲ ಕಡೆಯೂ ಅದೇ.

ಮೆಟಡೋರ್ ಗೊತ್ತಿಲ್ಲದ ಹೊಸ ಹುಡುಗರಿಗೆ ಎರಡು ಮಾತು. ಪುಣೆಯ ಬಜಾಜ್ ಟೆಂಪೋ ಕಂಪನಿ, ಅಂದರೆ 2005ರಿಂದ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಜರ್ಮನಿಯ ವ್ಯಾನಿನ ನಕ್ಷೆ ಇಟ್ಟುಕೊಂಡು 1969ರಿಂದ ಇದನ್ನು ಮಾಡಿತು. ಮದುವೆ ದಿಬ್ಬಣ, ತರಕಾರಿ, ಶಾಲೆ ಮಕ್ಕಳು, ಆಂಬುಲೆನ್ಸ್, ಎಲ್ಲಕ್ಕೂ ಇದೇ ಗಾಡಿ. ಇದರ ವಿಶೇಷವೆಂದರೆ ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು. ಈ ಮಾತು ನೆನಪಿನಲ್ಲಿರಲಿ, ರ‍್ಯಾಂಪ್ ಹತ್ತಿಸುವಾಗ ಬೇಕಾಗುತ್ತದೆ. ನನ್ನದು ಕೆಎ-16 ನಂಬರಿನದು, ದುರ್ಗದ ಕಡೆಯಿಂದ ಕೊಂಡದ್ದು. ಒಳಗೆ ಎರಡು ಮಂಚ, ಒಂದು ಒಲೆ. ಸೂಳೆಕೆರೆ ದಂಡೆಯಲ್ಲೋ ಜೋಗಿಮಟ್ಟಿ ಕಡೆಗೋ ಹೋಗಿ ಬರಲು ಸಾಕು.

ಮೊದಲು ಗಾಡಿ ಅಳೆಯಿರಿ

ಆರ್‌ಸಿ ಪುಸ್ತಕ, ಕಂಪನಿಯ ಪಟ್ಟಿ ನಂಬಬೇಡಿ. ಫೋಕ್ಸ್‌ವ್ಯಾಗನ್‌ನ ಎರಡನೇ ತಲೆಮಾರಿನ ವ್ಯಾನ್ ಎತ್ತರ ಸುಮಾರು 1.95 ಮೀಟರ್ ಎಂದು ಎಲ್ಲರೂ ಹೇಳುತ್ತಾರೆ. ಅದರ ಮೇಲೆ ಕ್ಯಾರಿಯರ್ ಕೂರಿಸಿದವರ ಗಾಡಿ 1.95 ಅಲ್ಲ. ಮೂವತ್ತು ವರ್ಷದಲ್ಲಿ ಪಟ್ಟೆ (ಎಲೆ ಸ್ಪ್ರಿಂಗು) ಬದಲಾಗಿರುತ್ತದೆ, ಟೈರ್ ಸೈಜ್ ಬದಲಾಗಿರುತ್ತದೆ, ಯಾರೋ ಮೇಲೆ ಹಾರ್ನ್ ಕೂರಿಸಿರುತ್ತಾರೆ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ, ಡೀಸೆಲ್ ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಇರಲಿ, ನೀರಿನ ಡ್ರಮ್ಮು, ಹಾಸಿಗೆ ಎಲ್ಲ ಕೆಳಗಿಳಿಸಿ. ಖಾಲಿ ಗಾಡಿಯೇ ಅತಿ ಎತ್ತರದ ಗಾಡಿ, ನಮಗೆ ಬೇಕಾದದ್ದು ಆ ಅಳತೆ. ಗಾರೆ ಕೆಲಸದವರ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಟೋಪಿಯ ಅತಿ ಎತ್ತರದ ಜಾಗಕ್ಕೆ ಅಡ್ಡ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ತಂದು, ಪಟ್ಟಿಯ ತುದಿಯಿಂದ ನೆಲಕ್ಕೆ ತೂಗುಗುಂಡು ಬಿಟ್ಟು ಟೇಪು ಹಿಡಿಯಿರಿ. ಎರಡೂ ಕಡೆ ಅಳೆದು ದೊಡ್ಡ ಅಂಕಿ ಬರೆದುಕೊಳ್ಳಿ. ಮೇಸ್ತ್ರಿ ಜೊತೆ ಇಂಚು-ನೂಲಿನ ಲೆಕ್ಕದಲ್ಲೇ ಮಾತಾಡಿ, ಆದರೆ ಪುಸ್ತಕದಲ್ಲಿ ಮಿಲಿಮೀಟರ್ ಬರೆಯಿರಿ. ಕೂಡಿ ಕಳೆಯುವಾಗ ನೂಲು ತಪ್ಪುತ್ತದೆ, ಮಿಲಿಮೀಟರ್ ತಪ್ಪುವುದಿಲ್ಲ.

ನನ್ನ ಗಾಡಿ 2330 ಬಂತು. ಅದರಲ್ಲಿ 70 ಮಿ.ಮೀ. ಗಾಳಿಕಿಂಡಿಯ ಮುಚ್ಚಳದ್ದೇ. ನಾಲ್ಕು ಸ್ಕ್ರೂ ಬಿಚ್ಚಿದರೆ ಬರಿ ಟೋಪಿ 2260.

ಇನ್ನೆರಡು ಅಳತೆ ಬೇಕು, ಇದನ್ನು ಹೆಚ್ಚಿನವರು ಬಿಡುತ್ತಾರೆ. ಮುಂದಿನ ಗಾಲಿಯ ನಡುವಿನಿಂದ ಟೋಪಿಯ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಗಾಲಿಯ ನಡುವಿನಿಂದ ಟೋಪಿಯ ಹಿಂದಿನ ಅಂಚಿಗೆ ಎಷ್ಟು. ನನ್ನದರಲ್ಲಿ ಮುಂದೆ 150, ಹಿಂದೆ 1100. ಗಾಲಿಯ ಆಚೆ ಬಾಲ ಇಷ್ಟು ಉದ್ದ ಇದೆ ಅನ್ನುವುದು ನನಗೆ ಬೀಮಿಗೆ ಬಡಿದ ಮೇಲೆ ಗೊತ್ತಾಯಿತು.

ಆಮೇಲೆ ಬಾಗಿಲು

ಶಟರ್ ಪೂರ್ತಿ ಮೇಲಕ್ಕೆ ಎತ್ತಿ. ನೆಲದಿಂದ ಲಿಂಟಲ್‌ಗೆ (ಬಾಗಿಲ ಮೇಲಿನ ಕಾಂಕ್ರೀಟ್ ಅಡ್ಡಪಟ್ಟಿಗೆ) ಅಳೆಯಬೇಡಿ, ಶಟರಿನ ಕೆಳಪಟ್ಟಿಗೆ ಅಳೆಯಿರಿ. ಬೀಗದ ಕೊಂಡಿ, ಹಿಡಿ ಎಲ್ಲ ಆ ಪಟ್ಟಿಯಲ್ಲೇ ಇರುತ್ತವೆ, ಎಷ್ಟು ಸುತ್ತಿದರೂ ಅದು ಲಿಂಟಲ್ ಕೆಳಗೆ ಜೋತೇ ಇರುತ್ತದೆ. ಎಡಕ್ಕೆ, ನಡುವೆ, ಬಲಕ್ಕೆ ಮೂರು ಕಡೆ ಅಳೆಯಿರಿ. ನೀರು ಹೊರಗೆ ಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಮೂರೂ ಅಂಕಿ ಒಂದೇ ಬಂದರೆ ನಿಮ್ಮ ಮೇಸ್ತ್ರಿ ದೇವರಂಥವನು. ಚಿಕ್ಕ ಅಂಕಿಯೇ ನಿಮ್ಮ ಬಾಗಿಲು. ನನ್ನದು 2235. ಲಿಂಟಲ್ ಮಾತ್ರ 2310ರಲ್ಲಿತ್ತು.

ಬಾಗಿಲು ದಾಟಿದ ಮೇಲೂ ಅಳತೆ ಮುಗಿಯುವುದಿಲ್ಲ. ಒಳಗಿನ ಬೀಮು, ಟ್ಯೂಬ್‌ಲೈಟು, ಮೇಲೆ ಓಡಿದ ಪೈಪು, ಹಳೇ ಜೋಕಾಲಿ ಕೊಂಡಿ, ಒಂದೊಂದರ ಎತ್ತರವನ್ನೂ ಅದು ಬಾಗಿಲಿನಿಂದ ಎಷ್ಟು ಒಳಗಿದೆ ಅನ್ನುವುದನ್ನೂ ಬರೆಯಿರಿ. ನಮ್ಮ ಬೀಮು ಬಾಗಿಲಿನಿಂದ 700 ಮಿ.ಮೀ. ಒಳಗೆ, 2400 ಎತ್ತರದಲ್ಲಿದೆ. ಅಗಲ ಹೇಗೂ ನೋಡುತ್ತೀರಿ. ಕನ್ನಡಿ ಮಡಚಿ ಎರಡೂ ಕಡೆ ಒಂದೊಂದು ಗೇಣು ಉಳಿದರೆ ಸಾಕು, ಆದರೆ ಒಳಗೆ ಹೋದ ಮೇಲೆ ಡ್ರೈವರ್ ಇಳಿಯುವ ಬಾಗಿಲು ತೆರೆಯಬೇಕು ಅನ್ನುವುದು ಮರೆಯಬೇಡಿ.

ಮೇಲೆ ನೋಡಿದ್ದಾಯಿತು, ಕೆಳಗೂ ನೋಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ನೀರಿನ ಸಂಪು ಇರುವುದು ಶೆಡ್ಡಿನ ಬಾಯಲ್ಲೇ. ಕಾರು ತಡೆದ ಸಂಪಿನ ಮುಚ್ಚಳ ಎರಡು ಟನ್ ಹತ್ತಿರದ ವ್ಯಾನನ್ನು ತಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ರಸ್ತೆ ಬದಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಯೂ ಅಷ್ಟೆ. ಕಡಪ ಕಲ್ಲಾಗಿದ್ದರೆ ಇವತ್ತೇ ತೆಗೆಸಿ, ಕಂಬಿ ಹಾಕಿದ ಕಾಂಕ್ರೀಟ್ ಸ್ಲ್ಯಾಬ್ ಕೂರಿಸಿ. ಪಾಲಿಕೆಯವರು ಚರಂಡಿ ಹೂಳು ತೆಗೆಯಲು ಬಂದಾಗ ಎತ್ತುವ ಹಾಗೆ ಅದಕ್ಕೆ ಕೊಂಡಿಗಳಿರಲಿ.

ಇಳಿಜಾರು ಮಾಡುವ ಮೋಸ

ಮುಚ್ಚಳ ಬಿಚ್ಚಿದ ಗಾಡಿ 2260. ಶಟರ್ ತೆಗೆಸಿ ಎರಡು ರೆಕ್ಕೆಯ ಗೇಟ್ ಹಾಕಿಸಿದ ಮೇಲೆ ಬಾಗಿಲು 2310. ಐವತ್ತು ಮಿಲಿಮೀಟರ್ ಮಿಕ್ಕಿತು. ಬೀಮಿನ ಹತ್ತಿರವಂತೂ 140 ಮಿಕ್ಕಿತ್ತು. ಲೆಕ್ಕ ಸರಿ ಎಂದು ರಿವರ್ಸ್ ಹಾಕಿದೆ. ಲಿಂಟಲ್ ದಾಟಿತು. ಆಮೇಲೆ 'ಟಕ್' ಅಂದು ಟೋಪಿಯ ಹಿಂದಿನ ಅಂಚು ಬೀಮಿಗೆ ತಾಗಿ ಫೈಬರ್ ಬಿರುಕು ಬಿಟ್ಟಿತು. ತಪ್ಪು ಪೂರ್ತಿ ನನ್ನದೇ.

ಆದದ್ದು ಇಷ್ಟು. ನಮ್ಮ ಶೆಡ್ಡಿನ ನೆಲ ರಸ್ತೆಗಿಂತ 300 ಮಿ.ಮೀ. ಎತ್ತರ, ರ‍್ಯಾಂಪಿನ ಉದ್ದ 1800. ಅಂದರೆ ಆರು ಅಡಿ ಹೋದರೆ ಒಂದು ಅಡಿ ಏರು. ಹಿಂದಿನ ಗಾಲಿ ರ‍್ಯಾಂಪಿನ ತುದಿ ಮುಟ್ಟಿದ ಹೊತ್ತಿನಲ್ಲಿ ಮುಂದಿನ ಗಾಲಿ ಇನ್ನೂ ಕೆಳಗಿತ್ತು. ಗಾಡಿ ಮೂಗು ಕೆಳಗೆ, ಬಾಲ ಮೇಲೆ ಮಾಡಿ ನಿಂತಿತ್ತು. ಹಿಂದಿನ ಗಾಲಿಯ ಆಚೆ ಚಾಚಿದ 1100 ಮಿ.ಮೀ. ಬಾಲ ಬಾವಿಯ ಏತದ ಹಾಗೆ ಮೇಲೆದ್ದಿತ್ತು. 1100ನ್ನು ಆರರಿಂದ ಭಾಗಿಸಿದರೆ 183. ಗಾಡಿ ವಾಲಿದಾಗ ನೆತ್ತಿ ಸ್ವಲ್ಪ ಮೂಗಿನ ಕಡೆಗೆ ಬಾಗಿ ಎತ್ತರ ಕೊಂಚ ಕಡಿಮೆಯೂ ಆಗುತ್ತದೆ, ಅದನ್ನು ಕಳೆದರೂ 150 ಉಳಿಯಿತು. 2260ಕ್ಕೆ 150 ಸೇರಿಸಿ, 2410. ಬೀಮು 2400. ಹತ್ತು ಮಿಲಿಮೀಟರ್‌ಗೆ ಟೋಪಿ ಒಡೆಯಿತು.

ಅದೇ ಗಾಡಿಯನ್ನು ಮುಂದಾಗಿ ನುಗ್ಗಿಸಿದ್ದರೆ? ಟೋಪಿಯ ಮುಂದಿನ ಅಂಚು ಮುಂದಿನ ಗಾಲಿಗಿಂತ 150 ಮಾತ್ರ ಆಚೆ. ವಾಲಿದಾಗ ಕಳೆಯುವುದೂ ಏರುವುದೂ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ, ಏರಿಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮೇಲಕ್ಕೆ ಏರುವ ರ‍್ಯಾಂಪ್ ಇದ್ದವರು ಯಾವ ತುದಿಯಲ್ಲಿ ಬಾಲ ಚಿಕ್ಕದೋ ಆ ತುದಿಯನ್ನು ಮೊದಲು ಒಳಗೆ ಕಳಿಸಿ.

ಕೆಳಕ್ಕೆ ಇಳಿಯುವ ಸೆಲ್ಲಾರ್‌ನವರ ಕಥೆಯೇ ಬೇರೆ. ಅಲ್ಲಿ ಮುಂದಿನ ಗಾಲಿ ಕೆಳಗಿನ ಸಮ ನೆಲ ಮುಟ್ಟಿ, ಹಿಂದಿನದು ಇಳಿಜಾರಿನಲ್ಲೇ ಇದ್ದಾಗ, ಗಾಡಿಯ ನಡುಭಾಗ ತಗ್ಗಿನ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ನೆಲ ಕೆಳಗೆ ಹೋಗುತ್ತದೆ, ನೆತ್ತಿ ಮೇಲೇ ಇರುತ್ತದೆ. ಎಷ್ಟು? ಗಾಲಿಯಿಂದ ಗಾಲಿಗೆ ಇರುವ ದೂರವನ್ನು ಇಳಿಜಾರಿನಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿ. ಫೋಕ್ಸ್‌ವ್ಯಾಗನ್‌ನ ಆ ವ್ಯಾನಿನಲ್ಲಿ ಈ ದೂರ 2400. ಆರಕ್ಕೆ ಒಂದರ ಇಳಿಜಾರಿನಲ್ಲಿ 2400ನ್ನು ಆರರಿಂದ ಭಾಗಿಸಿದರೆ 400, ನಾಲ್ಕರಿಂದ ಭಾಗಿಸಿದರೆ 100. ಇಳಿಜಾರು ಮುಗಿಯುವ ಗೆರೆಯ ಮೇಲೆಯೇ ಬೀಮು ಇದ್ದರೆ, 1.95 ಮೀಟರ್ ಗಾಡಿಗೆ 2.05 ಮೀಟರ್ ಬೇಕು ಎಂದಾಯಿತು.

ಲೆಕ್ಕ ಬೇಡ ಅನ್ನುವವರಿಗೆ ರಟ್ಟಿನ ದಾರಿ ಇದೆ. ನಾನೂ ಕೊನೆಗೆ ನಂಬಿದ್ದು ಇದನ್ನೇ. ಮನೆಯಲ್ಲಿ ಬಿದ್ದಿರುವ ದಪ್ಪನೆಯ ಮದುವೆ ಪತ್ರಿಕೆ ತಗೊಳ್ಳಿ. ಇಪ್ಪತ್ತಕ್ಕೆ ಒಂದರಂತೆ ಗಾಡಿಯ ಪಕ್ಕದ ಆಕಾರ ಬರೆದು ಕತ್ತರಿಸಿ. ನನ್ನ 2260 ಗಾಡಿ ರಟ್ಟಿನಲ್ಲಿ 113 ಮಿ.ಮೀ. ಎತ್ತರ, ಬಾಲ 55. ಗ್ರಾಫ್ ಹಾಳೆಯಲ್ಲಿ ಅದೇ ಅಳತೆಗೆ ರಸ್ತೆ, ರ‍್ಯಾಂಪ್, ಬಾಗಿಲು, ಬೀಮು ಬರೆಯಿರಿ. ರ‍್ಯಾಂಪಿನ ಉದ್ದ 90, ಏರು 15. ಗಾಲಿ ಎರಡೂ ಗೆರೆ ಬಿಡದ ಹಾಗೆ ರಟ್ಟನ್ನು ಮೆಲ್ಲಗೆ ಜರುಗಿಸಿ. ತಲೆ ಎಲ್ಲಿ ತಾಗುತ್ತದೆ, ಹೊಟ್ಟೆ ಎಲ್ಲಿ ಉಜ್ಜುತ್ತದೆ ಎರಡೂ ಕಣ್ಣಿಗೆ ಕಾಣುತ್ತವೆ. ಅರ್ಧ ಗಂಟೆಯ ಕೆಲಸ. ಇದನ್ನು ಮೊದಲೇ ಮಾಡಿದ್ದರೆ ಫೈಬರ್ ಅಂಟಿಸುವವನಿಗೆ ದುಡ್ಡು ಕೊಡುವುದು ತಪ್ಪುತ್ತಿತ್ತು.

ಪುಕ್ಕಟೆ ಸಿಗುವ ಇಂಚುಗಳು

ಗೋಡೆ ಒಡೆಯುವ ಮೊದಲು ಗಾಡಿಯಿಂದಲೇ ಎಷ್ಟು ಸಿಗುತ್ತದೆ ನೋಡಿ. ಮುಚ್ಚಳ, ಕ್ಯಾರಿಯರ್, ಸ್ಟೆಪ್ನಿ, ಏರಿಯಲ್, ಸೋಲಾರ್ ತಟ್ಟೆ, ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ. ಸೋಲಾರ್ ತಟ್ಟೆಯನ್ನು ಎತ್ತರದ ಕಾಲುಗಳ ಮೇಲೆ ನಿಲ್ಲಿಸಿದ್ದರೆ ಕಾಲು ಗಿಡ್ಡ ಮಾಡಿಸಿ. ಅಡಿಯಲ್ಲಿ ಒಂದು ಬೆರಳಿನಷ್ಟು ಗಾಳಿ ಆಡುವ ಸಂದು ಮಾತ್ರ ಬಿಡಿ, ತಟ್ಟೆ ಕಾದರೆ ಕರೆಂಟು ಕಡಿಮೆ ಕೊಡುತ್ತದೆ.

ಭಾರ ಹಾಕಿದರೆ ಪಟ್ಟೆ ಕೂರುತ್ತದೆ. ಮಂಡಕ್ಕಿ ಚೀಲ ಹಾಕಿ ಕಾದು ಕೂರಬೇಡಿ, ಊರು ಮಂಡಕ್ಕಿಯದಾದರೂ ಇಲ್ಲಿ ಬೇಕಾದದ್ದು ಅಕ್ಕಿ ಚೀಲ. ಐವತ್ತು ಕಿಲೋದ ನಾಲ್ಕು ಚೀಲ ಹಿಂದಿನ ಗಾಲಿಯ ಮೇಲೆ ಸರಿಯಾಗಿ ಇಟ್ಟಾಗ ನನ್ನ ಗಾಡಿಯ ಹಿಂಭಾಗ 18 ಮಿ.ಮೀ. ಇಳಿಯಿತು. ಗಾಲಿಯ ಆಚೆ, ಬಾಲದ ತುದಿಯಲ್ಲಿ ಇಟ್ಟರೆ ಹಿಂದೆ ಇನ್ನಷ್ಟು ಇಳಿಯುತ್ತದೆ, ಆದರೆ ಮೂಗು ಮೇಲೇಳುತ್ತದೆ, ಮುಂದಿನ ಗಾಲಿಯ ಹಿಡಿತವೂ ಹಗುರಾಗುತ್ತದೆ. ಮುಂದಿನ ಗಾಲಿ ಎಳೆಯುವ ಮೆಟಡೋರಿಗೆ ಅದು ಒಳ್ಳೆಯದಲ್ಲ.

ಟೈರಿನ ಗಾಳಿ ಇಳಿಸುವುದು ಕೊನೆಯ ಉಪಾಯ. ಬೆರಳಿನಗಲ ಸಿಕ್ಕರೆ ಹೆಚ್ಚು. ಪೂರ್ತಿ ಇಳಿಸಬೇಡಿ, ಆ ಸ್ಥಿತಿಯಲ್ಲಿ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಒಳಗೆ ಹೋದ ಕೂಡಲೇ ಮತ್ತೆ ಗಾಳಿ ತುಂಬಿ. ಕಡಿಮೆ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಟೈರಿನ ಮಗ್ಗುಲು ಬಿರಿಯುತ್ತದೆ.

ಪಟ್ಟೆಯ ಎಲೆ ತೆಗೆಸಿ ಗಾಡಿಯನ್ನೇ ಗಿಡ್ಡ ಮಾಡಿಸುವ, ಟೋಪಿ ಕತ್ತರಿಸಿ ಇಳಿಸುವ ಸಲಹೆಗಳೂ ನನಗೆ ಬಂದವು. ಎರಡೂ ಬೇಡ. ತಗ್ಗಿದ ಗಾಡಿಯ ಹೊಟ್ಟೆ ರ‍್ಯಾಂಪಿನ ಮೇಲಂಚಿಗೆ ಉಜ್ಜುತ್ತದೆ. ಅದೂ ಅಲ್ಲದೆ, ನೋಂದಣಿಯಲ್ಲಿ ಇರುವ ವಿವರಕ್ಕಿಂತ ಗಾಡಿಯನ್ನು ಬೇರೆ ಮಾಡುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಟಿಓ ಒಪ್ಪಿಗೆ ಇಲ್ಲದೆ ಕೈ ಹಾಕಿದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸುವ ದಿನ ನೀವೇ ಉತ್ತರ ಹೇಳಬೇಕು.

ಶಟರ್‌ಗೆ ವಿದಾಯ

ರೋಲಿಂಗ್ ಶಟರ್ ಅಂಗಡಿಗೆ ಸರಿ, ಗಿಡ್ಡ ಶೆಡ್ಡಿಗೆ ಶತ್ರು. ಕೆಳಪಟ್ಟಿ ಜೋತಾಡುವುದು ಒಂದು, ಒಳಗೆ ಅದರ ಸುರುಳಿ ಕೂರುವ ಡ್ರಮ್ಮು ಇನ್ನೊಂದು. ಲಿಂಟಲ್ ಮೇಲೆ ಗೋಡೆ ಎತ್ತರವಿದ್ದರೆ ಡ್ರಮ್ಮನ್ನು ಮೇಲಕ್ಕೆ, ಗೋಡೆಯ ಹೊರಮುಖಕ್ಕೆ ಕೂರಿಸಬಹುದು. ಆಗ ಪಟ್ಟಿ ಲಿಂಟಲ್‌ಗಿಂತ ಮೇಲೆ ಹೋಗಿ ನಿಲ್ಲುತ್ತದೆ. ನಮ್ಮಲ್ಲಿ ಸಜ್ಜ ಅಡ್ಡ ಬಂತು. ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಹೊರಗೆ ತೆರೆಯುವ ಎರಡು ರೆಕ್ಕೆಯ ಗೇಟ್ ಮಾಡಿಸಿದೆ. ಗೇಟಿನ ಮೇಲಿನ ಅಡ್ಡಪಟ್ಟಿ ಹಾಕಬೇಡ ಎಂದು ಬರೆದೇ ಕೊಡಿ. ಅಭ್ಯಾಸಬಲದಿಂದ ಚೌಕಟ್ಟು ಪೂರ್ತಿ ಮಾಡಿ ತಂದು, ಗಳಿಸಿದ ಎರಡು ಇಂಚು ಕಳೆಯುತ್ತಾರೆ. ಗೇಟು ರ‍್ಯಾಂಪಿನ ಮೇಲೆ ತೆರೆಯುವುದರಿಂದ ಅದು ಇಳಿಜಾರಿನ ಕಡೆಗೇ ಹೋಗುತ್ತದೆ, ನೆಲಕ್ಕೆ ಉಜ್ಜುವುದಿಲ್ಲ. ರಸ್ತೆಗೆ ಚಾಚದಂತೆ ಮಾತ್ರ ನೋಡಿಕೊಳ್ಳಿ.

ಸೂರು ಎತ್ತುವ ಬದಲು ಗಾಲಿ ಇಳಿಸಿ

ಬೀಮಿಗೆ ಬಡಿದ ಮೇಲೆ ಮುಂದಾಗಿ ನುಗ್ಗಿಸಿ ಕೆಲವು ತಿಂಗಳು ಕಳೆದೆ. ತೊಂದರೆ ಎಂದರೆ ಹೊರಗೆ ಬರುವಾಗ ಓಣಿಗೆ ರಿವರ್ಸ್ ಬರಬೇಕು. ಇಪ್ಪತ್ತು ಅಡಿ ರಸ್ತೆ, ಸೈಕಲ್ ಮೇಲೆ ಮಕ್ಕಳು, ಹಿಂದೆ ಏನೂ ಕಾಣದ ಗಾಡಿ. ಇನ್ನೊಂದು ಕಾಟವೂ ಇತ್ತು. ಮಳೆ ಬಿದ್ದ ದಿನ ಮುಂದಿನ ಗಾಲಿ ರ‍್ಯಾಂಪಿನಲ್ಲಿ ಸುಮ್ಮನೆ ಸುತ್ತುತ್ತಿತ್ತು. ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಗಾಲಿ ಹಗುರಾಗುತ್ತದೆ. ರಿವರ್ಸ್‌ನಲ್ಲಿ ಹತ್ತಿಸಿದರೆ ಭಾರವೆಲ್ಲ ಕೆಳಗಿರುವ ಮುಂದಿನ ಗಾಲಿಯ ಮೇಲೇ ಕೂತು ಗಾಡಿ ಎತ್ತಿನ ಹಾಗೆ ಹತ್ತುತ್ತದೆ. ಆದ್ದರಿಂದ ನನಗೆ ರಿವರ್ಸೇ ಬೇಕಿತ್ತು, ಅದಕ್ಕೆ ಎತ್ತರ ಬೇಕಿತ್ತು.

ಬೀಮು ಸ್ವಲ್ಪ ಕೆತ್ತೋಣವೇ ಎಂದು ಮೇಸ್ತ್ರಿಯನ್ನು ಕೇಳಿದೆ.

"ಬೀಮ್ ಮುಟ್ಟಂಗಿಲ್ಲ ನೋಡ್ರಿ ಅಣ್ಣಾರೆ," ಅಂದ. "ಅದರ ಜೀವ ಇರೋದೇ ಕೆಳಗಡೆ ಕಂಬಿಯಾಗ."

ಅವನು ಹೇಳಿದ್ದು ಅಕ್ಷರಶಃ ನಿಜ. ಮೇಲಿನ ಭಾರಕ್ಕೆ ಬೀಮು ಬಾಗುವಾಗ ಅದರ ಕೆಳಮುಖ ಹಿಗ್ಗುತ್ತದೆ, ಆ ಎಳೆತ ತಡೆಯುವುದು ಕೆಳಗಿನ ಕಂಬಿಗಳು. ಅವನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪ ಒಂದು ಇಂಚಿನ ಆಸುಪಾಸು. ಕೆತ್ತಿದರೆ ಕಂಬಿ ಬಯಲಾಗಿ ತುಕ್ಕು ಹಿಡಿಯುತ್ತದೆ. ಲಿಂಟಲ್ ಒಡೆದು ಮೇಲೆ ಕೂರಿಸಲೇಬೇಕು ಅನ್ನುವವರು ಇಂಜಿನಿಯರ್ ಇಲ್ಲದೆ ಸುತ್ತಿಗೆ ಎತ್ತಬೇಡಿ. ಮೇಲಿನ ಗೋಡೆಗೆ ಆನಿಕೆ ಕೊಟ್ಟು, ಹೊಸ ಲಿಂಟಲ್ ಹಾಕಿ, ಅದರ ಕೆಳಗಿನ ಜಾಕಿಗಳನ್ನು ಕನಿಷ್ಠ ಹದಿನಾಲ್ಕು ದಿನ ತೆಗೆಯದೆ ಬಿಡಬೇಕು.

ಮೇಸ್ತ್ರಿಯೇ ದಾರಿ ತೋರಿಸಿದ. ಇಡೀ ನೆಲ ಅಗೆಯಬೇಕಿಲ್ಲ, ಗಾಲಿ ಓಡುವಷ್ಟು ಎರಡು ಚಡಿ ಸಾಕು. 350 ಮಿ.ಮೀ. ಅಗಲ, 75 ಆಳ. ಚಡಿಯಲ್ಲಿ ಇಳಿದ ಗಾಡಿ ಆ 75ನ್ನೂ ತಾನೇ ತಗ್ಗುತ್ತದೆ. ಕೆಲಸ ಹೀಗೆ ಸಾಗಿತು.

ಗಾಡಿಯನ್ನು ಬೇಕಾದ ಜಾಗದಲ್ಲಿ ನೇರವಾಗಿ ಊಹಿಸಿಕೊಂಡು, ಎರಡು ಗಾಲಿಯ ನಡುವಿನ ದೂರವನ್ನು ಮುಂದೂ ಹಿಂದೂ ಅಳೆದೆ. ಎರಡೂ ಒಂದೇ ಇರುವುದಿಲ್ಲ, ಚಡಿಯ ಅಗಲದಲ್ಲಿ ಎರಡೂ ಹಿಡಿಸಬೇಕು. ಸುಣ್ಣದ ದಾರ ಹೊಡೆದು ಗೆರೆ ಹಾಕಿ, ಕಟ್ಟರ್‌ನಿಂದ ಅಂಚು ಕೊಯ್ದು, ನಡುವೆ ಬ್ರೇಕರ್‌ನಿಂದ ಒಡೆಸಿದೆ. ಚಡಿಯ ತಳಕ್ಕೆ 125 ಮಿ.ಮೀ. ಕಾಂಕ್ರೀಟು, ಅದರ ಕೆಳಗೆ 100 ಮಿ.ಮೀ. ಕಲ್ಲು ಸೋಲಿಂಗ್ ಬೇಕು. ಅಂದರೆ ಅಗೆಯುವುದು ಒಟ್ಟು 300. ಇಷ್ಟು ಅಗೆಯುವಾಗ ಗೋಡೆಯ ಪಾಯದ ಮಗ್ಗುಲು ಬಯಲಾಗಬಾರದು. ಗೋಡೆಯಿಂದ ದೂರ ಉಳಿಸಿ, ಪಾಯದ ಆಳ ಗೊತ್ತಿಲ್ಲದಿದ್ದರೆ ಒಂದು ಮೂಲೆಯಲ್ಲಿ ಚಿಕ್ಕ ಗುಂಡಿ ತೋಡಿ ನೋಡಿ. ನೀರಿನ ಪೈಪು, ಅರ್ಥಿಂಗ್ ತಂತಿ ಎಲ್ಲಿ ಓಡಿವೆ ಎಂದು ಮನೆಯ ಹಿರಿಯರನ್ನು ಕೇಳಿ. ನಕ್ಷೆಗಿಂತ ಅವರ ನೆನಪು ಗಟ್ಟಿ.

ದಾವಣಗೆರೆಯವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಹತ್ತಿ ಬೆಳೆದು ಮಿಲ್ಲುಗಳನ್ನು ಸಾಕಿದ ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಎರಡು ವರ್ಷದಲ್ಲಿ ಬಿರುಕು ಬಿಡುತ್ತದೆ. ಅಗೆದಾಗ ಕಪ್ಪು ಮಣ್ಣು ಕಂಡರೆ ಇನ್ನೂ ಅರ್ಧ ಅಡಿ ತೆಗೆಸಿ, ಮೊರಂ ತುಂಬಿ, ನೀರು ಹೊಡೆದು, ಗುದ್ದಿ ದಮ್ಮಸ್ ಮಾಡಿಸಿ. ಚಿತ್ರದುರ್ಗದವರ ಪಾಡು ಇದಕ್ಕೆ ಉಲ್ಟಾ, ಅಲ್ಲಿ ನಾಲ್ಕು ಇಂಚಿಗೇ ಬಂಡೆ ಸಿಕ್ಕರೂ ಸಿಕ್ಕೀತು. ಬಂಡೆ ಸಿಕ್ಕವರಿಗೆ ಸೋಲಿಂಗ್ ಖರ್ಚಿಲ್ಲ, ಒಡೆಯುವ ಖರ್ಚು ಮಾತ್ರ.

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಎಂ-ಸ್ಯಾಂಡು, ಮೂರು ಜಲ್ಲಿ. 8 ಮಿ.ಮೀ. ಕಂಬಿಯ ಜಾಲರಿ. ಚಡಿಯ ಎರಡೂ ಅಂಚಿಗೆ ಕಬ್ಬಿಣದ ಎಲ್ ಆ್ಯಂಗಲ್ ಕೂರಿಸಿ, ಅದರ ಮೂಲೆ ಅರದಿಂದ ಉಜ್ಜಿಸಿ. ಇಲ್ಲದಿದ್ದರೆ ಅಂಚು ಉದುರುತ್ತದೆ, ಟೈರೂ ಹರಿಯುತ್ತದೆ. ತಳ ನುಣ್ಣಗೆ ಮಾಡಬೇಡಿ, ಪೊರಕೆ ಎಳೆದು ಗೀರು ಬೀಳಿಸಿ. ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ ಏಳು ದಿನ ನೀರುಣಿಸಿ. ನಾನು ಗಾಡಿ ಹತ್ತಿಸಿದ್ದು ಇಪ್ಪತ್ತೆಂಟನೇ ದಿನ.

ಚಡಿ ಬಾಗಿಲಲ್ಲಿ ಶುರುವಾದರೆ ಉಪಯೋಗವಿಲ್ಲ. ರ‍್ಯಾಂಪಿನ ಕೆಳತುದಿಯಿಂದಲೇ ಶುರು ಮಾಡಿ. ರಸ್ತೆಯ ಕಡೆ ಆಳ ಸೊನ್ನೆ, ಬಾಗಿಲು ಮುಟ್ಟುವಾಗ 75. ಹೀಗೆ ಮಾಡಿದಾಗ ಗಾಲಿಗೆ ಸಿಗುವ ಏರು 300 ಅಲ್ಲ, 225 ಮಾತ್ರ. ಅದೇ 1800 ಉದ್ದಕ್ಕೆ ಎಂಟಕ್ಕೆ ಒಂದು. ಬಾಲ ಏಳುವುದೂ ಕಡಿಮೆಯಾಯಿತು. ಮತ್ತೆ ಲೆಕ್ಕ ಹಾಕಿದರೆ ರಿವರ್ಸ್‌ನಲ್ಲಿ ಬಾಲದ ಅತಿ ಎತ್ತರ 2304ಕ್ಕೆ ಇಳಿದಿತ್ತು. ಬೀಮಿನ ಕೆಳಗೆ 96 ಮಿ.ಮೀ. ಗಾಳಿ! ರ‍್ಯಾಂಪನ್ನು ಉದ್ದ ಮಾಡಿಯೂ ಇಳಿಜಾರು ಕಡಿಮೆ ಮಾಡಬಹುದು ಅನ್ನುತ್ತೀರಿ. ಉದ್ದ ಮಾಡಿದರೆ ಅದು ರಸ್ತೆಗೆ ಇಳಿಯುತ್ತದೆ, ರಸ್ತೆ ನಮ್ಮಪ್ಪನದಲ್ಲ.

ಹೊಟ್ಟೆಯ ಲೆಕ್ಕ ಇನ್ನೂ ಬಾಕಿ. ಗಾಲಿ ಇಳಿದರೂ ನಡುವಿನ ನೆಲ ಇದ್ದಲ್ಲೇ ಇರುತ್ತದೆ. ರ‍್ಯಾಂಪು ಮುಗಿದು ನೆಲ ಶುರುವಾಗುವ ಏಣು ಗಾಡಿಯ ಹೊಟ್ಟೆಗೆ ಸರಿಯಾಗಿ ಚುಚ್ಚುತ್ತದೆ. ನನ್ನ ಗಾಡಿಯ ಹೊಟ್ಟೆ ನೆಲದಿಂದ 180 ಮೇಲಿದೆ. ರಟ್ಟು ಜರುಗಿಸಿ ನೋಡಿದಾಗ ಏಣಿನ ಮೇಲೆ ಉಳಿಯುತ್ತಿದ್ದದ್ದು ಒಂದೇ ಇಂಚು. ಹಾಗಾಗಿ ಎರಡು ಚಡಿಗಳ ನಡುವಿನ ಏಣನ್ನೂ ಎರಡಿಂಚು ಕೆತ್ತಿಸಿ, ಎರಡೂ ಕಡೆ ಎರಡೆರಡು ಅಡಿ ಉರುಟು ಮಾಡಿಸಿದೆ. ಸೈಲೆನ್ಸರ್ ಉಳಿದದ್ದು ಇದರಿಂದ.

ಮಳೆ ನೀರು ಚಡಿ ಹಿಡಿದು ಒಳಗೆ ಬರುತ್ತದೆ ಎಂದು ಮನೆಯವಳು ಮೊದಲೇ ಎಚ್ಚರಿಸಿದ್ದಳು. ಚಡಿಯ ತಳಕ್ಕೆ ಹೊರಮುಖವಾಗಿ ಸ್ವಲ್ಪ ಇಳಿಜಾರು ಕೊಟ್ಟು, ಬಾಗಿಲ ಗೆರೆಯಲ್ಲಿ ಅಡ್ಡ ಕಾಲುವೆ ತೆಗೆದು ಜಾಲರಿ ಮುಚ್ಚಿಸಿದೆ. ಒಳಗಿನ ಚಡಿಗೆ ಸ್ಕೂಟರ್ ಗಾಲಿ ಸಿಕ್ಕಿಕೊಳ್ಳುತ್ತದೆ ಎಂಬ ಅವಳ ಎರಡನೇ ದೂರಿಗೆ ಮರದ ಹಲಗೆ ಕೂರಿಸಿಕೊಟ್ಟಿದ್ದೇನೆ.

ಒಳಗೆ ಕಳಿಸುವ ದಿನ

ಮೊದಲು ಬಿದಿರು ಒಳಗೆ ಹೋಗಲಿ. ಗಾಡಿಯ ಎತ್ತರಕ್ಕೆ ಎರಡು ಬೆರಳು ಸೇರಿಸಿ ಒಂದು ಬಿದಿರು ಕತ್ತರಿಸಿ, ಅದರ ತಲೆಗೆ ಟೋಪಿಯಷ್ಟು ಅಗಲದ ಅಡ್ಡಕೋಲು ಕಟ್ಟಿ, ಚಡಿಯೊಳಗೆ ಊರಿಕೊಂಡು ಬಾಗಿಲಿನಿಂದ ಕೊನೆಯ ಗೋಡೆಯವರೆಗೆ ನಡೆಯಿರಿ. ಟ್ಯೂಬ್‌ಲೈಟ್ ಪಟ್ಟಿ ನನಗೆ ಸಿಕ್ಕಿದ್ದು ಹೀಗೆ.

ಸಹಾಯಕ್ಕೆ ಇಬ್ಬರು ಬೇಕು. ಒಬ್ಬ ಏಣಿಯ ಮೇಲೆ, ಕಣ್ಣು ಬೀಮಿನ ಮಟ್ಟಕ್ಕೆ. ಇನ್ನೊಬ್ಬ ನಿಮಗೆ ಕಾಣುವ ಕಡೆ, ಕನ್ನಡಿಯೊಳಗೆ. ಕೂಗುವ ಮಾತು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಅಕ್ಕನ ಮಗ ಬಸ್ ಕಂಡಕ್ಟರ್ ಧಾಟಿಯಲ್ಲಿ "ರೈಟ್ ರೈಟ್" ಅಂದ, ನಾನು ಬಲಕ್ಕೆ ಸ್ಟೀರಿಂಗ್ ತಿರುಗಿಸಿದೆ. "ಮಾವ, ಹೋಲ್ಡಾನ್!" ಅನ್ನುವಷ್ಟರಲ್ಲಿ ಕನ್ನಡಿ ಪಿಲ್ಲರಿಗೆ ಮುತ್ತು ಕೊಟ್ಟಾಗಿತ್ತು. ಈಗ 'ಬರಲಿ', 'ಎಡಕ್ಕೆ', 'ಬಲಕ್ಕೆ', 'ನಿಲ್ಲಿ' ಇಷ್ಟೇ. ಏಣಿಯ ಮೇಲಿನವನಿಗೆ 'ನಿಲ್ಲಿ' ಒಂದೇ ಮಾತು.

ಗಾಡಿ ರ‍್ಯಾಂಪಿಗೆ ನೇರವಾಗುವ ತನಕ ಏರಬೇಡಿ. ಓಣಿ ಇಕ್ಕಟ್ಟಾಗಿದ್ದರೆ ನಾಲ್ಕು ಸಲ ಹಿಂದೆ ಮುಂದೆ ಮಾಡಿ. ಚಡಿಯ ಬಾಯಿಯನ್ನು ರಸ್ತೆಯ ಕಡೆ ಸ್ವಲ್ಪ ಅಗಲ ಮಾಡಿಸಿದ್ದರೆ ಗಾಲಿ ತಾನಾಗಿ ಕೂಡಿಕೊಳ್ಳುತ್ತದೆ. ಆಕ್ಸಿಲರೇಟರ್ ಏರಿಳಿಸದೆ ಒಂದೇ ಹದದಲ್ಲಿ ಹೋಗಿ. ನಡುವೆ ಬ್ರೇಕ್ ಒತ್ತಿದರೆ ಗಾಡಿ ಪಟ್ಟೆಯ ಮೇಲೆ ತೂಗಿ, ಬಾಲ ಒಂದು ಕ್ಷಣಕ್ಕೆ ಇನ್ನೂ ಎರಡು ಬೆರಳು ಮೇಲೇಳುತ್ತದೆ. ಗಳಿಸಿದ ಸಂದು ಅಲ್ಲೇ ಹೋಗುತ್ತದೆ. ಬೀಮಿನ ಅಂಚಿಗೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಅಂಟಿಸಿಟ್ಟಿದ್ದೇನೆ, ಇದುವರೆಗೆ ಬೇಕಾಗಿಲ್ಲ.

ನಿಲ್ಲಿಸಿದ ಮೇಲೆ

ಎಂಜಿನ್ ಆರಿಸಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಬಿಸಿ ಮಾಡುತ್ತಾ ನಿಲ್ಲುವುದು ಬೇಡ, ಆ ಹೊಗೆ ಜೀವ ತೆಗೆಯುತ್ತದೆ. ಇದಕ್ಕಿಂತ ಮುಖ್ಯ, ಒಲೆಯ ಸಿಲಿಂಡರ್ ಬಿಚ್ಚಿ ಹೊರಗೆ, ಗಾಳಿ ಆಡುವ ಕಡೆ ಇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ನಾವೇ ಎರಡು ತಗ್ಗು ತೋಡಿ ಕೊಟ್ಟಿದ್ದೇವೆ. ಗೇಟಿನ ಕೆಳಗೆ ನೆಲಮಟ್ಟದಲ್ಲಿ ಸಂದು ಇರಲಿ, ರಬ್ಬರ್ ಹಾಕಿ ಮುಚ್ಚಬೇಡಿ.

ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಮಂಚದ ಅಡಿಯಲ್ಲಿ ತಿಂಡಿಯ ಚೂರು ಉಳಿಸಬೇಡಿ, ಇಲಿಗೆ ವೈರೂ ಒಂದೇ ಮಂಡಕ್ಕಿಯೂ ಒಂದೇ.

ಹೊರಗೆ ಬರುವ ದಿನ ಎಲ್ಲರೂ ಮರೆಯುವ ಒಂದು ವಿಷಯವಿದೆ. ಅಕ್ಕಿ ಚೀಲ ಇಳಿಸಿದ್ದೀರಿ, ಟೈರಿಗೆ ಗಾಳಿ ತುಂಬಿದ್ದೀರಿ, ಗಾಳಿಕಿಂಡಿಯ ಮುಚ್ಚಳ ಮತ್ತೆ ಕೂರಿಸಿದ್ದೀರಿ. ಒಳಗೆ ಹೋದ ಗಾಡಿ ಈಗ ಅದೇ ಎತ್ತರದ ಗಾಡಿಯಲ್ಲ. ನಾನು ಡ್ಯಾಶ್‌ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದೇನೆ: ಮುಚ್ಚಳ ಇಲ್ಲದೆ 2260, ಇದ್ದರೆ 2330. ಮುಚ್ಚಳ ಇದ್ದಾಗ ಲಿಂಟಲ್ ಕೆಳಗೆ ಉಳಿಯುವುದು 55 ಮಿ.ಮೀ. ಮಾತ್ರ. ಆ ದಿನ ಬಿದಿರನ್ನು ಇನ್ನೊಮ್ಮೆ ನಡೆಸಿಕೊಂಡು ಬಂದು ಆಮೇಲೆ ಕೀಲಿ ತಿರುಗಿಸುತ್ತೇನೆ.